ಅಲಗಿನ ಮುಂದಿನ ಸಂದು

(ಚರ್ಮ ಸೀಳುವ, ಹೆರೆಯುವ ಯಂತ್ರಗಳ ಬಗ್ಗೆ ಚರ್ಮದ ಕೆಲಸ ಮಾಡುವವರ ಒಂದು ಕೂಟದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಮೊದಲು ಒಂದು ಕೆಲಸ ಮಾಡಿ ತೋರಿಸುತ್ತೇನೆ, ಆಮೇಲೆ ಮಾತು. ಇದು ಬೆಲ್ಟಿಗೆ ಅಂತ ಕತ್ತರಿಸಿದ ಪಟ್ಟಿ. ದಪ್ಪ 3.5 ಮಿ.ಮೀ. ಇದರ ತುದಿಯನ್ನು ಚರ್ಮ ಸೀಳುವ ಈ ಯಂತ್ರದ ಬಾಯಿಗೆ ಕೊಟ್ಟೆ. ಹಿಡಿ ಒತ್ತಿದೆ. ಈಗ ಎಳೆಯುತ್ತೇನೆ. ನೋಡಿ, ಒಂದು ಪಟ್ಟಿ ಎರಡಾಯಿತು. ನನ್ನ ಕೈಯಲ್ಲಿರುವುದು ನಮಗೆ ಬೇಕಾದದ್ದು. ಮೇಲೆ ಸುರುಳಿ ಸುತ್ತಿಕೊಂಡು ನಿಂತಿದೆಯಲ್ಲ, ಅದು ಸೀಳಿ ಬಂದ ಸಿಪ್ಪೆ. ಎರಡನ್ನೂ ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ಮುಟ್ಟಿ ನೋಡಿ. ಅಳತೆ ಮಾಪಕವನ್ನೂ ಜೊತೆಗೇ ಕಳಿಸುತ್ತೇನೆ. ಹಲವು ಕಡೆ ಅಳೆದು, ಸಿಕ್ಕಿದ್ದನ್ನು ಕೊನೆಗೆ ನನಗೆ ಹೇಳಿ.

ಈ ಯಂತ್ರದಲ್ಲಿ ಚಲಿಸುವ ಭಾಗ ಅಂತ ಇರುವುದು ಒಂದು ರೋಲರ್, ಒಂದು ಹಿಡಿ, ಅಷ್ಟೇ. ಅಲಗು ಅಲುಗಾಡುವುದಿಲ್ಲ. ಅಲಗಿಗೂ ರೋಲರಿಗೂ ನಡುವೆ ಒಂದು ಸಂದು ಇದೆ. ಚರ್ಮದಲ್ಲಿ ಎಷ್ಟು ಆ ಸಂದಿನಲ್ಲಿ ಹಾಯುತ್ತದೋ ಅಷ್ಟು ಉಳಿಯುತ್ತದೆ, ಮಿಕ್ಕಿದ್ದು ಸಿಪ್ಪೆಯಾಗುತ್ತದೆ. ಕೈಯಲ್ಲಿ ಎಳೆಯುವ ಈ ಚಿಕ್ಕ ಯಂತ್ರದಿಂದ ಹಿಡಿದು ಇಡೀ ತೊಗಲನ್ನೇ ಸೀಳುವ ದೊಡ್ಡ ಯಂತ್ರದವರೆಗೆ ಎಲ್ಲದರ ಕಥೆ ಇದೇ. ಸಂದನ್ನು ಯಾರು ಕಾಯುತ್ತಾರೆ, ಚರ್ಮವನ್ನು ಯಾರು ನೂಕುತ್ತಾರೆ, ಇಷ್ಟರಲ್ಲೇ ವ್ಯತ್ಯಾಸ. ಯಂತ್ರ ನೋಡಲು ಹೋದಾಗ ನನ್ನ ಕಣ್ಣು ಬಣ್ಣದ ಮೇಲೆ ಹೋಗುವುದಿಲ್ಲ, ಹೆಸರಿನ ಫಲಕದ ಮೇಲೂ ಹೋಗುವುದಿಲ್ಲ. ಸಂದಿನ ಮೇಲೆ ಹೋಗುತ್ತದೆ. ಈ ಬುದ್ಧಿ ಬರಲು ನನಗೆ ಮೂರು ಯಂತ್ರ ಬೇಕಾಯಿತು, ಆ ಮಾತು ಬೇರೆ.

ಹೊಸಬರಿಗಾಗಿ ಎರಡು ಪದ ಬಿಡಿಸಿ ಹೇಳುತ್ತೇನೆ. ಸ್ಪ್ಲಿಟಿಂಗ್ ಅಂದರೆ ಇಡೀ ತುಂಡನ್ನು ಒಂದೇ ದಪ್ಪಕ್ಕೆ ಸೀಳುವುದು. ಸ್ಕೈವಿಂಗ್ ಅಂದರೆ ಅಂಚನ್ನು ಮಾತ್ರ ಹೆರೆದು ಇಳಿಜಾರು ಮಾಡುವುದು. ಕೆಲವರು ಎರಡನ್ನೂ ಒಂದೇ ಅಂದುಕೊಂಡು ತಪ್ಪು ಯಂತ್ರ ತರುತ್ತಾರೆ. ಬೆಲ್ಟು, ಪಟ್ಟಿ, ಹಗ್ಗ ಮಾಡುವವರಿಗೆ ಬೇಕಾದದ್ದು ಸೀಳುವ ಯಂತ್ರ. ಪರ್ಸು, ಚೀಲ, ಪುಸ್ತಕದ ಹೊದಿಕೆ ಮಾಡುವವರಿಗೆ ಅಂಚು ಹೆರೆಯುವ ಯಂತ್ರ.

ಅಂಚು ಯಾಕೆ ಹೆರೆಯಬೇಕು? ಲೆಕ್ಕ ಹಾಕಿ. 1.2 ಮಿ.ಮೀ. ದಪ್ಪದ ಐದು ಪದರ ಒಂದು ಕಡೆ ಸೇರಿದರೆ ಅಲ್ಲಿ 6 ಮಿ.ಮೀ. ಆಗುತ್ತದೆ. ಅದು ಪರ್ಸಲ್ಲ, ಹಲಗೆ. ಪ್ರತಿ ಪದರದ ಅಂಚನ್ನೂ 0.6ಕ್ಕೆ ಇಳಿಸಿದರೆ 3 ಮಿ.ಮೀ. ಹೊಲಿಗೆ ಸರಾಗ, ನೋಟವೂ ಚೆಂದ. ಅಳತೆಯನ್ನು ಔನ್ಸಿನಲ್ಲಿ ಹೇಳುವವರೂ ಇದ್ದಾರೆ. ತೂಕದ ಹೆಸರು ಕೇಳಿ ಗಾಬರಿ ಬೇಡ. ಒಂದು ಔನ್ಸ್ ಅಂದರೆ ಇಂಚಿನ 64ನೇ ಒಂದು ಭಾಗ, ಸುಮಾರು 0.4 ಮಿ.ಮೀ. ದಪ್ಪ. 8 ಔನ್ಸಿನ ಚರ್ಮ ಅಂದರೆ 3.2 ಮಿ.ಮೀ. ಆಸುಪಾಸು.

ಯಂತ್ರ ಕೊಂಡ ಹೊಸದರಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಹೇಗೂ ಸೀಳುವ ಯಂತ್ರ ಇದೆಯಲ್ಲ ಅಂತ ದಪ್ಪ ತೊಗಲೊಂದನ್ನೇ ತಂದು, ಎಲ್ಲಕ್ಕೂ ಅದನ್ನೇ ತೆಳು ಮಾಡುತ್ತಾ ಕೂರುತ್ತಾರೆ. ನಾನೂ ಮಾಡಿದ್ದೆ. ತೊಗಲಿನ ಗಟ್ಟಿತನ ದಪ್ಪದುದ್ದಕ್ಕೂ ಒಂದೇ ಸಮ ಇರುವುದಿಲ್ಲ. ಮೇಲೆ ನಯವಾಗಿ, ಬಿಗಿಯಾಗಿ ಕಾಣುವ ಗ್ರೇನ್ ಪದರ ನೋಡಲು ಚೆಂದ, ಆದರೆ ಎಳೆತ ತಡೆಯುವುದು ಅದರ ಕೆಳಗೆ ಹೆಣೆದುಕೊಂಡಿರುವ ದಪ್ಪ ನಾರು. ಮಾಂಸದ ಕಡೆಯಿಂದ ಸೀಳುತ್ತಾ ಹೋದಾಗ ನಾವು ತೆಗೆದು ಬಿಸಾಡುವುದು ಆ ನಾರನ್ನೇ. ದಪ್ಪ ಅರ್ಧ ಆದಾಗ ಬಲ ಅರ್ಧಕ್ಕಿಂತ ಜಾಸ್ತಿ ಇಳಿಯುತ್ತದೆ. 4 ಮಿ.ಮೀ. ಚರ್ಮವನ್ನು 1 ಮಿ.ಮೀ.ಗೆ ಇಳಿಸಿ ಚೀಲದ ಹಿಡಿಕೆ ಮಾಡಿದರೆ, ಆ ಹಿಡಿಕೆ ಜಗ್ಗುತ್ತದೆ, ಒಂದು ದಿನ ಹರಿಯುತ್ತದೆ. ಬೇಕಾದ ದಪ್ಪಕ್ಕೆ ಹತ್ತಿರದ ಚರ್ಮವನ್ನೇ ತನ್ನಿ. ಯಂತ್ರ ಇರುವುದು ಕೊನೆಯ ಒಂದಿಷ್ಟನ್ನು ಸಮ ಮಾಡಲು.

ಯಂತ್ರಕ್ಕೆ ಮುಂಚೆ ರಂಪಿಗೆ, ಅಂದರೆ ಕೈಯಲ್ಲಿ ಹಿಡಿದು ಚರ್ಮ ಹೆರೆಯುವ ಅಲಗು, ಇತ್ತು. ಈಗಲೂ ಇದೆ, ಇರಬೇಕು. ಒಂದು ನುಣುಪಾದ ಕಲ್ಲು ಅಥವಾ ಗಾಜಿನ ಹಲಗೆ, ಚೆನ್ನಾಗಿ ಮಸೆದ ಅಲಗು, ಇಷ್ಟಿದ್ದರೆ ಅಂಚು ಹೆರೆಯಬಹುದು. ಅಲ್ಲಿ ಸಂದನ್ನು ಕಾಯುವುದು ನಿಮ್ಮ ಮಣಿಕಟ್ಟು. ಕೈ ಪಳಗಿದವರು ಅಂಚನ್ನು ಕಾಗದದಷ್ಟು ತೆಳು ಮಾಡುವುದನ್ನು ನೋಡಿದ್ದೇನೆ. ನನಗೆ ಇವತ್ತಿಗೂ ಅಷ್ಟು ಬರುವುದಿಲ್ಲ. ಆದರೂ ರಂಪಿಗೆ ಹಿಡಿಯದೆ ನೇರ ಯಂತ್ರಕ್ಕೆ ಹೋಗಬೇಡಿ ಅಂತಲೇ ಹೇಳುತ್ತೇನೆ. ಮೊಂಡ ಅಲಗು ಹೇಗೆ ಜಗ್ಗುತ್ತದೆ, ಹರಿತವಾದದ್ದು ಹೇಗೆ ಹಾಯುತ್ತದೆ ಅನ್ನುವುದು ಮೊದಲು ಕೈಗೆ ಗೊತ್ತಾಗಬೇಕು. ಇಲ್ಲದಿದ್ದರೆ ಕುಣಿಯಲಾರದವಳು ನೆಲ ಡೊಂಕು ಅಂದಂತೆ, ಅಲಗು ಮಸೆಯದೆ ಯಂತ್ರವನ್ನು ಬಯ್ಯುತ್ತೇವೆ.

ಈಗ ಈ ಎಳೆಯುವ ಯಂತ್ರಕ್ಕೆ ಬರೋಣ. ಸಂಗ್ರಹಕಾರರ ಕೈಗೆ ಹೆಚ್ಚಾಗಿ ಸಿಗುವುದು ಇದೇ ಬಗೆ. ಅಮೆರಿಕದ ಸಿ.ಎಸ್. ಆಸ್ಬೋರ್ನ್ ಕಂಪನಿಯದು ತುಂಬಾ ಹೆಸರುವಾಸಿ. 1826ರಲ್ಲಿ ಶುರುವಾದ ಕಂಪನಿ, ಅವರ 84ನೇ ನಂಬರಿನ ಯಂತ್ರ ಅಂದರೆ ಚರ್ಮದ ಕೆಲಸದವರಿಗೆ ತಕ್ಷಣ ಗೊತ್ತಾಗುತ್ತದೆ. ಬೀಡು ಕಬ್ಬಿಣದ ಮೈ, ಮೇಜಿಗೆ ಬಿಗಿಯುವ ಕಾಲು, ಮೇಲೆ ಅಗಲವಾದ ಅಲಗು, ಕೆಳಗೆ ರೋಲರ್. ಕೆಡಲು ಏನೂ ಇಲ್ಲ ಅನ್ನಿಸುತ್ತದೆ, ಅಲ್ವಾ? ಅಲ್ಲೇ ನಾನು ಬಿದ್ದದ್ದು.

ನನ್ನ ಮೊದಲ ಯಂತ್ರ ಈ ಬಗೆಯದೇ. ಮಾರಿದವರು ಹೊಸ ಬಣ್ಣ ಬಳಿದಿದ್ದರು, ಹಿತ್ತಾಳೆ ತಿಕ್ಕಿ ಫಳಫಳ ಅನ್ನಿಸಿದ್ದರು. ಮನೆಗೆ ತಂದು ಅಲಗು ಮಸೆದು ಪಟ್ಟಿ ಎಳೆದೆ. ಅಂಚುಗಳು ತೆಳುವಾದವು, ನಡುವೆ ದಪ್ಪ ಹಾಗೇ ಉಳಿಯಿತು. ಅಲಗು ಮತ್ತೆ ಮಸೆದೆ, ಮತ್ತೆ ಅದೇ. ವಾರಗಟ್ಟಲೆ ಅಲಗಿನ ಜೊತೆ ಗುದ್ದಾಡಿದೆ. ಕೊನೆಗೆ ರೋಲರ್ ಬಿಚ್ಚಿ ಒಂದು ನೇರ ಪಟ್ಟಿಯನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದಾಗ ಗೊತ್ತಾಯಿತು, ರೋಲರಿನ ನಡು ಸವೆದು ಹಳ್ಳ ಬಿದ್ದಿತ್ತು. ಯಾರೋ ಎಷ್ಟೋ ವರ್ಷ ಕಿರಿದಾದ ಪಟ್ಟಿಗಳನ್ನು ನಟ್ಟನಡುವೆಯೇ ಎಳೆದಿದ್ದರು. ಅಲಗಿನದೇನೂ ತಪ್ಪಿರಲಿಲ್ಲ. ಹೊಸ ರೋಲರ್ ಲೇತಿನಲ್ಲಿ ಕಡೆಸಿ ಹಾಕಿದ ಮೇಲೆ ಸರಿಹೋಯಿತು. ಇವತ್ತು ನಿಮ್ಮ ಮುಂದೆ ಇರುವುದು ಅದೇ ಯಂತ್ರ.

ಆದ್ದರಿಂದ ಹಳೆಯದನ್ನು ನೋಡಲು ಹೋಗುವಾಗ ಒಂದು ಚಿಕ್ಕ ಟಾರ್ಚು, ಒಂದು ಉಕ್ಕಿನ ಅಳತೆಪಟ್ಟಿ, ಎರಡು ತುಂಡು ಕಾಗದ ಜೇಬಿನಲ್ಲಿರಲಿ. ಸಂದನ್ನು ಮುಚ್ಚುವವರೆಗೆ ರೋಲರ್ ಏರಿಸಿ, ಹಿಂದಿನಿಂದ ಬೆಳಕು ಬಿಡಿ. ಬೆಳಕಿನ ಗೆರೆ ಉದ್ದಕ್ಕೂ ಒಂದೇ ಸಮ ಮಾಯವಾದರೆ ಒಳ್ಳೆಯದು. ನಡುವೆ ಮಾತ್ರ ಬೆಳಕು ಉಳಿದರೆ ರೋಲರ್ ಸವೆದಿದೆ ಅಥವಾ ಅಲಗಿನ ಬಾಯಿ ಬಾಗಿದೆ. ಒಂದು ಕೊನೆಯಲ್ಲಿ ಮಾತ್ರ ಉಳಿದರೆ ಅದು ಹೊಂದಾಣಿಕೆಯ ವಿಷಯ, ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಕಾಗದವನ್ನು ಎಡಕ್ಕೊಂದು ಬಲಕ್ಕೊಂದು ಕೊಟ್ಟು ಎಳೆದು ನೋಡಿ, ಎರಡೂ ಕಡೆ ಬಿಗಿ ಒಂದೇ ಇರಬೇಕು. ಬಾಯಿಗೆ ಬೆರಳು ತಾಗದಂತೆ, ದಯವಿಟ್ಟು. ಆಮೇಲೆ ರೋಲರನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ತೂತು ಸಡಿಲವಾಗಿದೆ. ಆ ಸಡಿಲ ಎಷ್ಟೋ, ನಿಮ್ಮ ಪಟ್ಟಿಯ ದಪ್ಪದಲ್ಲಿ ಏರುಪೇರು ಅಷ್ಟು.

ಅಲಗಿನಲ್ಲಿ ನೋಡಬೇಕಾದದ್ದು ಹರಿತವಲ್ಲ. ಹರಿತ ನಾವು ಮಾಡಿಕೊಳ್ಳಬಹುದು. ಅಗಲ ಎಷ್ಟು ಉಳಿದಿದೆ ನೋಡಿ. ಪ್ರತಿ ಸಾಣೆಗೂ ಅಲಗು ಸವೆಯುತ್ತದೆ, ಬೋಲ್ಟಿನ ಸೀಳುತೂತು ಮುಗಿಯುವವರೆಗೆ ಮಾತ್ರ ಅದನ್ನು ಮುಂದೆ ತಳ್ಳಬಹುದು. ಬಾಯಿಯ ಹತ್ತಿರ ನೀಲಿ ಬಣ್ಣದ ಛಾಯೆ ಕಂಡರೆ, ಯಾರೋ ಮೋಟಾರಿನ ಸಾಣೆಗೆ ಒತ್ತಿ ಹಿಡಿದು ಕಾಯಿಸಿದ್ದಾರೆ ಅಂತ ಅರ್ಥ. ಉಕ್ಕಿನ ಹದ ಹೋಗಿರುತ್ತದೆ. ಹತ್ತು ಪಟ್ಟಿ ಎಳೆಯುವಷ್ಟರಲ್ಲಿ ಮೊಂಡ. ಇನ್ನೊಂದು, ಅಲಗಿನ ಚಪ್ಪಟೆ ಮಗ್ಗುಲಲ್ಲಿ ತುಕ್ಕಿನ ಗುಳಿ ಇದ್ದರೆ ಕಷ್ಟ. ಎಷ್ಟು ಮಸೆದರೂ ಆ ಗುಳಿ ಬಾಯಿಗೆ ಬಂದಾಗಲೆಲ್ಲ ಗರಗಸದ ಹಲ್ಲಿನಂತಾಗಿ ಚರ್ಮದ ಮೇಲೆ ಗೆರೆ ಎಳೆಯುತ್ತದೆ. ಓರೆ ಮಗ್ಗುಲಿನ ತುಕ್ಕು ತಲೆನೋವಲ್ಲ, ಮಸೆದರೆ ಹೋಗುತ್ತದೆ.

ಬೀಡು ಕಬ್ಬಿಣದ ಮೈಯನ್ನು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಣಗಣ ಅಂದರೆ ಗಟ್ಟಿ. ಮಂದ ಸದ್ದು ಬಂದರೆ ಎಲ್ಲೋ ಬಿರುಕು ಇರಬಹುದು, ದಪ್ಪ ಬಣ್ಣದ ಕೆಳಗೆ ಹುಡುಕಿ. ಬೀಡು ಬಾಗುವುದಿಲ್ಲ, ಒಡೆಯುತ್ತದೆ. ಸಾಗಿಸುವಾಗ ಬಿದ್ದು ಮೂಲೆಯ ಕಿವಿ ಮುರಿದ ಯಂತ್ರಗಳನ್ನು ಎಷ್ಟೋ ನೋಡಿದ್ದೇನೆ. ಹಿತ್ತಾಳೆ ಬೆಸುಗೆ ಹಾಕಿದ್ದು ಅಂದ ತಕ್ಷಣ ಬೇಡ ಅನ್ನಬೇಡಿ. ಬೆಸುಗೆ ಕಾಲಿನಲ್ಲಿದ್ದರೆ ಪರವಾಗಿಲ್ಲ. ಅಲಗು ಕೂರುವ ಜಾಗದಲ್ಲಿ, ರೋಲರಿನ ತೂತಿನ ಸುತ್ತ ಇದ್ದರೆ ಬಿಟ್ಟುಬಿಡಿ.

ಒಬ್ಬರು ಕೇಳಿದರು: "ಎಳೆದಾಗ ಕೈಯಲ್ಲಿ ಹಿಡಿದ ತುದಿ ಸೀಳದೆ ಉಳಿಯುತ್ತದಲ್ಲ, ಅದಕ್ಕೇನು ಮಾಡ್ತೀರಿ?"

ಎರಡು ದಾರಿ. ಪಟ್ಟಿಯನ್ನು ತಿರುಗಿಸಿ ಆ ತುದಿಯನ್ನೂ ಎಳೆಯಬಹುದು, ಆದರೆ ಎರಡು ಎಳೆತ ಸೇರುವಲ್ಲಿ ಸಣ್ಣ ಮೆಟ್ಟಿಲು ಬೀಳುತ್ತದೆ. ನಾನು ಪಟ್ಟಿಯನ್ನೇ ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚು ಉದ್ದ ಕತ್ತರಿಸಿ, ಆ ತುದಿಯನ್ನು ಆಮೇಲೆ ತೆಗೆದುಬಿಡುತ್ತೇನೆ. ಜಿಪುಣತನ ಮಾಡಿದ ದಿನವೆಲ್ಲ ಮೆಟ್ಟಿಲು ಬಿದ್ದಿದೆ. ಅಗಲ ಪಟ್ಟಿಗಾದರೆ ಒಂದೇ ಸಲಕ್ಕೆ ಎಲ್ಲ ತೆಗೆಯಲು ಹೋಗಬೇಡಿ. ಅಗಲ ದುಪ್ಪಟ್ಟಾದರೆ ಎಳೆಯಲು ಬೇಕಾದ ಬಲವೂ ಹೆಚ್ಚುಕಡಿಮೆ ದುಪ್ಪಟ್ಟು. ಮೇಜು ಎದ್ದು ಬರುತ್ತದೆ, ಇಲ್ಲವೇ ನೀವು ಹಿಂದಕ್ಕೆ ಬೀಳುತ್ತೀರಿ. ತೆಳುವಾಗಿ ಎರಡು ಮೂರು ಸಲ ಎಳೆಯಿರಿ. ಯಾವಾಗಲೂ ಗ್ರೇನ್ ಕಡೆ ರೋಲರಿಗೆ ತಾಗಿರಲಿ.

ಕೈಗೆ ಬಲ ಸಾಲದು ಅನ್ನುವವರಿಗೆ ಹಿಡಿ ತಿರುಗಿಸುವ ಯಂತ್ರಗಳಿವೆ. ಅಮೆರಿಕದ ಸೇಂಟ್ ಲೂಯಿಸ್‌ನ ಲ್ಯಾಂಡಿಸ್ ಕಂಪನಿಯ 30ನೇ ನಂಬರಿನದು ಇದರಲ್ಲಿ ಎಲ್ಲರೂ ಹುಡುಕುವಂಥದ್ದು. ಮೂಲತಃ ಜೋಡು ರಿಪೇರಿ ಮಾಡುವವರಿಗಾಗಿ ಬಂದದ್ದು. ಅರ್ಧ ಅಟ್ಟೆ ಹಾಕುವಾಗ ಹಳೆಯದಕ್ಕೂ ಹೊಸದಕ್ಕೂ ಕೂಡುವ ಜಾಗ ಉಬ್ಬಬಾರದು, ಅದಕ್ಕಾಗಿ ತುದಿಯನ್ನು ಓರೆಯಾಗಿ ಹೆರೆಯುತ್ತದೆ. ಬೇಕಾದರೆ ಸಮನಾಗಿ ಸೀಳುತ್ತದೆ ಕೂಡ. ಇದರಲ್ಲಿ ಚರ್ಮವನ್ನು ಅಲಗಿನ ಕಡೆ ನೂಕುವುದು ರೋಲರುಗಳೇ, ಹಾಗಾಗಿ ಹಿಡಿದುಕೊಳ್ಳುವ ತುದಿಯ ತಾಪತ್ರಯ ಇಲ್ಲ. ಗಟ್ಟಿ ಚರ್ಮಕ್ಕೆ ಅದ್ಭುತ. ಮೆತ್ತನೆಯ, ಜಗ್ಗುವ ಚರ್ಮ ಕೊಟ್ಟರೆ ಅದು ಅಲಗಿನ ಮುಂದೆ ಮುದ್ದೆಯಾಗಿ ಕೂರುತ್ತದೆ. ಅದಕ್ಕೆ ಯಂತ್ರದ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ, ಅಟ್ಟೆಯ ತೊಗಲಿಗೆ ಹುಟ್ಟಿದ ಯಂತ್ರ ಅದು. ಹಲ್ಲಿನ ಚಕ್ರಗಳಲ್ಲಿ ಮುರಿದ ಹಲ್ಲು ಇದೆಯೇ ಅಂತ ಒಂದು ಸುತ್ತು ಪೂರ್ತಿ ತಿರುಗಿಸಿ ನೋಡಿ. ಅರ್ಧ ಸುತ್ತಿಗೆ ನಿಲ್ಲಿಸಿದರೆ ಮುರಿದ ಹಲ್ಲು ಇನ್ನರ್ಧದಲ್ಲಿ ಇರುತ್ತದೆ!

ಪುಸ್ತಕ ಕಟ್ಟುವವರು ಬಳಸುವ ಪುಟ್ಟ ಯಂತ್ರ ಒಂದಿದೆ. ಜರ್ಮನಿಯ ಶೆರ್ಫ್-ಫಿಕ್ಸ್ ಅದರಲ್ಲಿ ಹೆಸರಾದದ್ದು. ಮುಖ ಕ್ಷೌರದ ಬ್ಲೇಡನ್ನೇ ಅಲಗಾಗಿ ಹಾಕಿ, ತೆಳು ಚರ್ಮವನ್ನು ಕೆಳಗೆ ಎಳೆಯುವುದು. ಮಸೆಯುವ ಗೋಜೇ ಇಲ್ಲ, ಮೊಂಡಾದರೆ ಬಿಸಾಡಿ ಹೊಸದು ಹಾಕಿ. ದಪ್ಪ ಚರ್ಮಕ್ಕೆ ಕೈ ಹಾಕದಿದ್ದರೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ.

ಈಗ ಎಲ್ಲರೂ ಕಾಯುತ್ತಿರುವ ಯಂತ್ರ. ಗಂಟೆಯಾಕಾರದ ಅಲಗಿನ ಸ್ಕೈವಿಂಗ್ ಯಂತ್ರ, ಬೆಲ್ ಸ್ಕೈವರ್ ಅಂತ ಕರೆಯುತ್ತಾರೆ. ಇದರ ದೊಡ್ಡ ಹೆಸರು ಫಾರ್ಚುನಾ. ಆಲ್ಬರ್ಟ್ ಹಿರ್ತ್ ಅನ್ನುವ ಎಂಜಿನಿಯರ್ 1903ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಬಳಿಯ ಕಾನ್‌ಸ್ಟಾಟ್‌ನಲ್ಲಿ ಕಟ್ಟಿದ ಕಂಪನಿ. ಅವರ ಮಗ ಹೆಲ್ಮುತ್ ಹಿರ್ತ್ ವಿಮಾನ ಹಾರಿಸಿ ಹೆಸರು ಮಾಡಿದವರು, ಇದು ಸುಮ್ನೆ ಹೇಳಿದೆ. ಇಂದು ಮೇಜಿನ ಮೇಲೆ ಕೂರುವ ಇಂಥ ಯಂತ್ರಗಳು ಹಲವು ಹೆಸರಲ್ಲಿ ಬರುತ್ತವೆ, ಒಳಗಿನ ಲೆಕ್ಕಾಚಾರ ಬಹುಪಾಲು ಒಂದೇ.

ಒಂದು ಉಕ್ಕಿನ ಲೋಟವನ್ನು ಅಡ್ಡ ಮಲಗಿಸಿ, ಅದರ ಬಾಯಿಯ ಅಂಚನ್ನು ಹರಿತ ಮಾಡಿ, ಗರಗರ ತಿರುಗಿಸಿದರೆ ಹೇಗೋ ಹಾಗೆ ಇದರ ಅಲಗು. ಚರ್ಮದ ಗ್ರೇನ್ ಕಡೆಯನ್ನು ಮೇಲಿನಿಂದ ಒಂದು ಪಾದ ಒತ್ತಿ ಹಿಡಿಯುತ್ತದೆ. ಕೆಳಗಿನಿಂದ ಚಿಕ್ಕ ಚಕ್ರವೊಂದು ಚರ್ಮವನ್ನು ನೂಕುತ್ತದೆ. ಇಲ್ಲಿ ಸಂದು ಇರುವುದು ಪಾದಕ್ಕೂ ಅಲಗಿಗೂ ನಡುವೆ. ಪಾದವನ್ನು ಓರೆ ಮಾಡಿದರೆ ಇಳಿಜಾರು, ಮಟ್ಟಸ ಇಟ್ಟರೆ ಮೆಟ್ಟಿಲು, ಪಕ್ಕದ ತಡೆಯನ್ನು ಸರಿಸಿದರೆ ಅಗಲ ಬದಲು. ಹೆರೆದ ಸಿಪ್ಪೆ ಆ ಲೋಟದ ಒಳಗೆ ಹೊಕ್ಕು ಆಚೆ ಬದಿಗೆ ಬೀಳುತ್ತದೆ. ಬೀಳದೆ ಒಳಗೇ ಸುತ್ತಿಕೊಂಡರೆ ಅಂಚು ಹರಿದು ಚಿಂದಿಯಾಗುತ್ತದೆ. ಅರ್ಧ ದೂರುಗಳ ಮೂಲ ಅದೇ.

ಇನ್ನರ್ಧ ದೂರುಗಳ ಮೂಲ ಸಾಣೆ. ಯಂತ್ರದ ಒಳಗೇ ಸಾಣೆಕಲ್ಲಿದೆ, ತಿರುಗುವ ಅಲಗಿಗೆ ಅದನ್ನು ತಾಗಿಸಿದರೆ ಕಿಡಿ ಹಾರುತ್ತದೆ. ಹೊಸಬರು ಕಿಡಿ ನೋಡಿ ಖುಷಿಪಟ್ಟು ಜಾಸ್ತಿ ಹೊತ್ತು ತಾಗಿಸುತ್ತಾರೆ. ಬೇಡ. ಮೆಲ್ಲಗೆ ಮುಟ್ಟಿಸಿ ತೆಗೆಯಿರಿ. ಒಂದು ಕಡೆಯಿಂದ ಮಸೆದಾಗ ಇನ್ನೊಂದು ಕಡೆಗೆ ಸಣ್ಣ ಮುಳ್ಳು ಏಳುತ್ತದೆ, ಅದನ್ನು ಕಲ್ಲಿನಲ್ಲಿ ಸವರಿ ತೆಗೆಯದಿದ್ದರೆ ಮಸೆದೂ ಮೊಂಡ. ಮಸೆಯುವ ಮುಂಚೆ ಒಳಗಿನ ಚರ್ಮದ ಹುಡಿಯನ್ನು ಗುಡಿಸಿ ತೆಗೆಯಿರಿ. ಒಣ ಹುಡಿ, ಕಿಡಿ, ಎರಡನ್ನೂ ಒಟ್ಟಿಗೆ ಇಡುವುದು ಜಾಣತನವಲ್ಲ.

ಹಳೆಯ ಬೆಲ್ ಸ್ಕೈವರ್ ಕೊಳ್ಳುವವರು ಮೊದಲು ಅಲಗು ಎಷ್ಟು ಉದ್ದ ಉಳಿದಿದೆ ನೋಡಬೇಕು. ಸವೆದಂತೆ ಅದನ್ನು ಗುಂಡಿ ತಿರುಗಿಸಿ ಪಾದದ ಕಡೆ ಮುಂದೆ ತರುತ್ತಾರೆ. ಪೂರ್ತಿ ಮುಂದೆ ಬಂದಿದ್ದರೆ ಹೊಸ ಅಲಗಿನ ಖರ್ಚು ನಿಮ್ಮ ತಲೆ ಮೇಲೆ. ಎರಡನೆಯದು, ಕೆಳಗಿನ ಚಕ್ರ ಯಾವುದು ಅಂತ ಕೇಳಿ. ಸಾಣೆಕಲ್ಲಿನಂಥದ್ದು, ಗೀರು ಹಾಕಿದ ಉಕ್ಕಿನದು, ರಬ್ಬರಿನಂಥ ಮೆತ್ತನೆಯದು, ಹೀಗೆ ಬೇರೆ ಬೇರೆ ಇವೆ. ಸೂಕ್ಷ್ಮ ಚರ್ಮಕ್ಕೆ ಒರಟು ಚಕ್ರ ಹಾಕಿದರೆ ಗುರುತು ಬೀಳುತ್ತದೆ. ಮೂರನೆಯದನ್ನು ಯಾರೂ ಹೇಳುವುದಿಲ್ಲ, ಮೋಟಾರು. ಸಾಮಾನ್ಯವಾಗಿ ಒಂದೇ ಮೋಟಾರು ಅಲಗನ್ನೂ ತಿರುಗಿಸುತ್ತದೆ, ಚರ್ಮವನ್ನೂ ನೂಕುತ್ತದೆ. ಕಲಿಯುವವರು ನಿಧಾನ ಬೇಕು ಅಂತ ಸರ್ವೋ ಮೋಟಾರು ಹಾಕಿಸಿ ವೇಗ ಇಳಿಸುತ್ತಾರೆ. ನೂಕುವುದು ನಿಧಾನವಾಗುತ್ತದೆ ನಿಜ, ಅಲಗೂ ನಿಧಾನವಾಗುತ್ತದೆ, ಆಗ ಕತ್ತರಿಸುವ ಬದಲು ಎಳೆದಾಡುತ್ತದೆ. ಎರಡಕ್ಕೂ ಬೇರೆ ಬೇರೆ ಮೋಟಾರು ಇರುವ ಯಂತ್ರ ಸಿಕ್ಕರೆ ಈ ತೊಂದರೆ ಇಲ್ಲ.

ಎಲ್ಲಕ್ಕಿಂತ ಮುಖ್ಯ, ನಿಮ್ಮದೇ ಚರ್ಮದ ಚೂರುಗಳನ್ನು ಒಯ್ಯಿರಿ. ತೋರಿಸುವವರು ಯಾವಾಗಲೂ ಯಂತ್ರ ಚೆನ್ನಾಗಿ ಹೆರೆಯುವ ಚರ್ಮವನ್ನೇ ಇಟ್ಟುಕೊಂಡಿರುತ್ತಾರೆ. ನಿಮ್ಮಲ್ಲಿರುವ ಅತಿ ಮೆತ್ತನೆಯದನ್ನು ಕೊಟ್ಟು ನೋಡಿ.

ಅಲಗು ಬೆಲ್ಟಿನಂತೆ ಸುತ್ತುತ್ತಲೇ ಇರುವ ಬ್ಯಾಂಡ್ ನೈಫ್ ಯಂತ್ರದ ಬಗ್ಗೆಯೂ ಒಬ್ಬರು ಕೇಳಿದರು. ಕೊನೆಯಿಲ್ಲದ ಅಲಗು, ಅಗಲ ತುಂಡು, ತುಂಬಾ ಕರಾರುವಾಕ್ಕಾದ ದಪ್ಪ. ಚರ್ಮ ಹದ ಮಾಡುವ ಕಾರ್ಖಾನೆಗಳಲ್ಲಿ ಇಡೀ ತೊಗಲನ್ನೇ ಇದರಲ್ಲಿ ಸೀಳುತ್ತಾರೆ, ಕೆಳಗಿನ ಪದರ ಸ್ವೀಡ್, ಅಂದರೆ ಮಖಮಲ್ಲಿನಂಥ ಮೈಯ ಚರ್ಮ, ಆಗಿ ಹೋಗುತ್ತದೆ. ಮನೆಯ ಕೋಣೆಗೆ ಬೇಡ. ಅದರ ತೂಕ, ಮೋಟಾರು, ಅಲಗಿನ ಹೊಂದಾಣಿಕೆ ಎಲ್ಲಕ್ಕೂ ಬೇರೆಯೇ ಜಾಗ, ಬೇರೆಯೇ ಪುರುಸೊತ್ತು ಬೇಕು. ಅಪರೂಪಕ್ಕೆ ಬೇಕಾದರೆ ಇಟ್ಟುಕೊಂಡವರ ಹತ್ತಿರ ಸೀಳಿಸಿ ತನ್ನಿ.

ಇನ್ನು ಸಂಗ್ರಹದ ಹುಚ್ಚಿನವರಿಗೆ ಎರಡು ಮಾತು. ನಾನೂ ಅದೇ ಜಾತಿ, ಮಂಚದ ಕೆಳಗೂ ಒಂದು ಯಂತ್ರ ಇದೆ. ಮೈಮೇಲೆ ಎರಕದಲ್ಲಿ ಮೂಡಿದ ಪೇಟೆಂಟ್ ವರ್ಷಗಳನ್ನು ನೋಡಿ ಯಂತ್ರ ಆ ವರ್ಷದ್ದು ಅನ್ನಬೇಡಿ. ಅಲ್ಲಿರುವ ಕೊನೆಯ ವರ್ಷದ ನಂತರ ತಯಾರಾದದ್ದು ಅಂತ ಮಾತ್ರ ಹೇಳಬಹುದು, ಅದೇ ಅಚ್ಚನ್ನು ಬಹಳ ಕಾಲ ಬಳಸಿರುತ್ತಾರೆ. ಜೋಡು ಕಾರ್ಖಾನೆಗಳ ಯಂತ್ರಗಳಿಗೆ ಇನ್ನೊಂದು ವಿಚಿತ್ರ ಕಥೆಯಿದೆ. 1899ರಲ್ಲಿ ಹಲವು ಕಂಪನಿಗಳು ಸೇರಿ ಆದ ಯುನೈಟೆಡ್ ಶೂ ಮೆಷಿನರಿ ತನ್ನ ಮುಖ್ಯ ಯಂತ್ರಗಳನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಅಮೆರಿಕ ಸರ್ಕಾರ ಹೂಡಿದ ದಾವೆಯಲ್ಲಿ 1953ರಲ್ಲಿ ನ್ಯಾಯಾಲಯ ಅವನ್ನು ಮಾರಾಟಕ್ಕೂ ಇಡಬೇಕು ಅಂದಿತು, 1954ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಅದಕ್ಕೂ ಮುಂಚೆ, ಬಾಡಿಗೆ ಮುಗಿದ ಮೇಲೆ ಕಂಪನಿಗೆ ವಾಪಸು ಹೋಗಬೇಕಿದ್ದ ಯಂತ್ರ ನಮ್ಮಂಥವರ ಮಂಚದ ಕೆಳಗೆ ಸೇರುವುದಾದರೂ ಹೇಗೆ!

ತುಕ್ಕು ತೆಗೆಯಲು ಮರಳು ಹೊಡೆಸಬೇಡಿ. ಮೈ ಚೊಕ್ಕಟವಾಗುತ್ತದೆ, ಆದರೆ ರೋಲರಿನ ತೂತು, ಅಲಗಿನ ಪೀಠ, ಹೆಸರಿನ ಅಕ್ಷರ ಎಲ್ಲ ಸವೆಯುತ್ತವೆ. ಅಲಗನ್ನು ಮೊದಲು ಬಿಚ್ಚಿ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಸೀಮೆಎಣ್ಣೆ, ಬ್ರಶ್, ತಾಳ್ಮೆ. ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ತೆಗೆಯದೆ ಬಿಚ್ಚಿದ ಯಂತ್ರವೇ ಮಂಚದ ಕೆಳಗಿರುವುದು.

ಕೊನೆಯ ಪ್ರಶ್ನೆ: "ಒಂದೇ ಒಂದು ಇಟ್ಟುಕೊಳ್ಳಿ ಅಂದರೆ ಯಾವುದು ಇಟ್ಟುಕೊಳ್ತೀರಿ?"

ನಾನು ಮಾಡುವುದು ಹೆಚ್ಚಾಗಿ ಬೆಲ್ಟು, ಪಟ್ಟಿ. ಆದ್ದರಿಂದ ಈ ಎಳೆಯುವ ಯಂತ್ರ. ಪರ್ಸು ಮಾಡುವವನಾಗಿದ್ದರೆ ಎರಡನೇ ಮಾತಿಲ್ಲದೆ ಬೆಲ್ ಸ್ಕೈವರ್. ತಿಂಗಳಿಗೆ ಒಂದೆರಡು ಪರ್ಸು ಮಾತ್ರ ಅನ್ನುವವರಿಗೆ ಯಂತ್ರವೇ ಬೇಡ, ರಂಪಿಗೆ ಸಾಕು.

ಹಾಂ, ಅಳತೆ ಮಾಪಕ ಎಲ್ಲಿಗೆ ಬಂತು? ಹೇಳಿ. ಬಲಕ್ಕೆ 2.4, ನಡುವೆ 2.4, ಎಡಕ್ಕೆ 2.6. ಮತ್ತೊಮ್ಮೆ ಅಳೆದಿರಾ? ಅಷ್ಟೇನಾ? ಇರಲಿ, ಆ ಸ್ಪ್ಯಾನರ್ ಇತ್ತ ಕೊಡಿ, ಎಡಗಡೆ ಸ್ಕ್ರೂ ಸಡಿಲವಾಗಿದೆ.